‘ಕ್ಯಾಸನೋವಾ’ ಅಂದರೆ ಯಾರು?

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಗುಂಪಿನಲ್ಲಿ ‘ಕ್ಯಾಸನೋವಾ’ ಪದದ ಮಾತು ನಡೀತಿದೆ. ಹೆಂಗಸರನ್ನು ಮರುಳು ಮಾಡುತ್ತಾ ಒಬ್ಬರಾದ ಮೇಲೆ ಒಬ್ಬರ ಹಿಂದೆ ಹೋಗುವ ಗಂಡಸನ್ನು ಹಾಗೆ ಕರೀತಾರೆ. ಅದು ಯಾವುದೋ ಕಥೆಯ ಪಾತ್ರ ಅಂತ ಕೆಲವರು ಬರೆದಿದ್ದೀರಿ. ಅಲ್ಲ, ಆತ ನಿಜವಾಗಿ ಬದುಕಿದ್ದವನು. ಜಾಕೊಮೊ ಕ್ಯಾಸನೋವಾ 1725ರಲ್ಲಿ ವೆನಿಸ್‌ನಲ್ಲಿ ಹುಟ್ಟಿದ. ಮನೆತನದ ಹೆಸರಿನ ಅರ್ಥ ‘ಹೊಸ ಮನೆ’, ನಮ್ಮ ಹೊಸಮನಿ ಇದ್ದ ಹಾಗೆ. ಹೆಸರಿಗೂ ಹೆಂಗಸರಿಗೂ ಏನೇನೂ ಸಂಬಂಧವಿಲ್ಲ! 1756ರಲ್ಲಿ ವೆನಿಸ್‌ನ ಸೆರೆಮನೆಯಿಂದ ಮಾಡು ಹತ್ತಿ ಪಾರಾದ. ಮುಪ್ಪಿನಲ್ಲಿ ಬೊಹೀಮಿಯಾದ (ಇಂದಿನ ಜೆಕ್ ದೇಶದ ಭಾಗ) ಸಿರಿವಂತರೊಬ್ಬರ ಬಳಿ ಗ್ರಂಥಪಾಲಕನಾಗಿದ್ದುಕೊಂಡು ಫ್ರೆಂಚ್‌ನಲ್ಲಿ ಆತ್ಮಕಥೆ ಬರೆದ. 1798ರಲ್ಲಿ ತೀರಿಕೊಂಡ. ತನ್ನ ಪ್ರಣಯಗಳನ್ನು ಆ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದರಿಂದಲೇ ಅವನ ಹೆಸರು ಅಂಥವರನ್ನೆಲ್ಲ ಕರೆಯುವ ಪದವಾಗಿ ಉಳಿಯಿತು.

ಅದೇ ಅರ್ಥದಲ್ಲಿ ಬಳಸುವ ‘ಡಾನ್ ಜುವಾನ್’ ಮಾತ್ರ ಸ್ಪೇನಿನ ನಾಟಕದಿಂದ ಬಂದ ಕಲ್ಪಿತ ಪಾತ್ರ. ಎರಡನ್ನೂ ಬೆರೆಸಬೇಡಿ.

ಕನ್ನಡದಲ್ಲೂ ಇದಕ್ಕೆ ಮಾತುಗಳಿಗೆ ಬರವಿಲ್ಲ: ವಿಟ, ಜಾರ, ಸ್ತ್ರೀಲೋಲ, ಲಂಪಟ. ಸಂಸ್ಕೃತ ನಾಟಕಗಳ ವಿಟ ಮಾತು ಬಲ್ಲ, ಕಲೆ ಬಲ್ಲ ರಸಿಕ. ಬರಬರುತ್ತಾ ಆ ಪದ ಕೆಳಗಿಳಿಯಿತು. ನನಗೆ ಎಲ್ಲಕ್ಕಿಂತ ನೇರ ಅನ್ನಿಸೋದು ‘ಹೆಣ್ಣುಬಾಕ’. ಹೊಟ್ಟೆಬಾಕನಲ್ಲಿರುವ ಅದೇ ‘ಬಾಕ’. ಎಷ್ಟು ತಿಂದರೂ ಸಾಲದವನು ಅನ್ನೋದು ಆ ಎರಡಕ್ಷರದಲ್ಲೇ ಕೂತಿದೆ. ‘ಕ್ಯಾಸನೋವಾ’ ಅಂದಾಗ ಹೊಗಳಿಕೆಯ ಬಣ್ಣ ಬರುತ್ತೆ, ‘ಹೆಣ್ಣುಬಾಕ’ ಅಂದಾಗ ಬರಲ್ಲ. ಮೋಸಹೋದ ಹೆಣ್ಣಿನ ಕಡೆಯಿಂದ ನೋಡಿದರೆ ಎರಡನೆಯದೇ ಸರಿ.

ಹಾಗಾಗಿ ಒಂದು ವಿನಂತಿ: ಗುಂಪಿನ ಯಾವ ಸದಸ್ಯರನ್ನೂ, ತಮಾಷೆಗೂ, ‘ಕ್ಯಾಸನೋವಾ’ ಅಂತ ಕರೆಯಬೇಡಿ. ನಿಮ್ಮ ಕಡೆ ಇದಕ್ಕೆ ಬೇರೆ ಮಾತು ಬಳಕೆಯಲ್ಲಿದ್ದರೆ ದಯವಿಟ್ಟು ಇಲ್ಲಿ ಬರೆಯಿರಿ.