ಡಯಾಲಿಸಿಸ್‌ನಲ್ಲಿರುವ ಹುಡುಗರಿಗೆ ಮಾತಾಡುವವರು ಬೇಕು

ಸಂಪಾದಕರಿಗೆ ನಮಸ್ಕಾರ,

ನಾನು ಜೇವರ್ಗಿ ಕಡೆಯ ಹಳ್ಳಿಯವನು, ವಯಸ್ಸು 27. ಕಿಡ್ನಿ ಕೆಟ್ಟು, ಎರಡು ವರ್ಷದಿಂದ ವಾರಕ್ಕೆ ಎರಡು ಸಲ ಕಲಬುರಗಿಗೆ ಬಂದು ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಶುದ್ಧಿ, ಮಾಡಿಸಿಕೊಳ್ಳುತ್ತಿದ್ದೇನೆ. ಖರ್ಚಿನ ಮಾತು ಪೇಪರಿನಲ್ಲಿ ಆಗಾಗ ಬರುತ್ತದೆ. 2016ರಿಂದ ಕೇಂದ್ರದ ಯೋಜನೆ ಇದೆ, ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ, ಜೊತೆಗೆ ಬರುವ ಅವ್ವನಿಗೆ ಶಕ್ತಿ ಯೋಜನೆಯಿಂದ ಟಿಕೆಟ್ಟೂ ಇಲ್ಲ. ದೊಡ್ಡ ಉಪಕಾರ. ಆದರೆ ನನ್ನ ವಯಸ್ಸಿನವರು ಅಲ್ಲಿ ಎಷ್ಟು ಒಂಟಿಯಾಗಿದ್ದಾರೆ ಅಂತ ಯಾರೂ ಕೇಳುವುದಿಲ್ಲ.

ನಮ್ಮ ಕಡೆ ಗೆಳೆತನ ಅಂದರೆ ಚಹಾ, ಅಲ್ವಾ? ಕಿಡ್ನಿ ಕೆಲಸ ಮಾಡದೆ ಕುಡಿದ ನೀರು ಮೈಯಲ್ಲೇ ನಿಲ್ಲುವುದರಿಂದ ನನಗೆ ದಿನಕ್ಕೆ ಒಂದು ಲೀಟರ್ ಅಷ್ಟೇ. ಈ ಬಿಸಿಲಲ್ಲಿ ನೀರು, ಮಜ್ಜಿಗೆ, ಸಾರು, ಚಹಾ ಎಲ್ಲ ಸೇರಿ ಅಷ್ಟರಲ್ಲೇ ಮುಗಿಯಬೇಕು. ಎಳನೀರು, ಬಾಳೆಹಣ್ಣು ಬೇಡ, ಪೊಟ್ಯಾಶಿಯಂ ಜಾಸ್ತಿ. ಮೊದಮೊದಲು ಗೆಳೆಯರು 'ಅರ್ಧ ಕಪ್ ಕುಡಿ ಬಿಡೋ' ಅನ್ನುತ್ತಿದ್ದರು, ಆಮೇಲೆ ನನ್ನ ಎದುರು ಕುಡಿಯಲು ಅವರಿಗೇ ಸಂಕಟವಾಯಿತು, ಕೊನೆಗೆ ಕರೆಯುವುದನ್ನೇ ಬಿಟ್ಟರು. ಅವರು ಕೆಟ್ಟವರಲ್ಲ. ಏನು ಮಾತಾಡಬೇಕು ಅಂತ ತಿಳಿಯಲಿಲ್ಲ ಅಷ್ಟೇ.

ವಾರ್ಡಿನಲ್ಲಿ ಅಕ್ಕಪಕ್ಕ ಎಲ್ಲ ಅಪ್ಪನ ವಯಸ್ಸಿನವರು. ಪ್ರೀತಿಯಿಂದ ಮಾತಾಡಿಸುತ್ತಾರೆ, ಆದರೆ ಕೆಲಸ ಹೋದದ್ದು, ಮದುವೆ ಮಾತು ನಿಂತದ್ದು ಅವರ ಹತ್ತಿರ ಹೇಗೆ ಹೇಳುವುದು? ಒಂದು ದಿನ ಪಕ್ಕದ ಬೆಡ್ಡಿಗೆ ಸೇಡಂ ಕಡೆಯ ಕಾಲೇಜು ಹುಡುಗಿ ಬಂದಳು. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ಆಪರೇಷನ್ ಮಾಡಿ ರಕ್ತನಾಳಗಳನ್ನು ಜೋಡಿಸಿದ ಜಾಗ) ಮಾಡಿದ ಕೈ ಯಾರಿಗೂ ಕಾಣಬಾರದು ಅಂತ ಬೇಸಿಗೆಯಲ್ಲೂ ಉದ್ದ ತೋಳಿನ ಬಟ್ಟೆ ಹಾಕುತ್ತಾಳಂತೆ. ನಾನೂ ಹಾಗೇ! ರಾತ್ರಿ ಆ ಕೈಯನ್ನು ಕಿವಿಗೆ ಹತ್ತಿರ ತಂದರೆ ಜುಂ ಅನ್ನುವ ಸದ್ದು ಕೇಳುತ್ತದೆ, ಅದನ್ನು ಕೇಳುತ್ತಾ ನಿದ್ದೆಗೆಟ್ಟದ್ದನ್ನು ಮೊದಲ ಸಲ ಒಬ್ಬರ ಹತ್ತಿರ ಹೇಳಿಕೊಂಡೆ. ನಾಲ್ಕು ತಾಸು ಹೋದದ್ದೇ ಗೊತ್ತಾಗಲಿಲ್ಲ. ಮುಂದಿನ ವಾರ ಆಕೆಯ ಶಿಫ್ಟ್ ಬದಲಾಯಿತು.

ಡಯಾಲಿಸಿಸ್ ಕೇಂದ್ರದವರಲ್ಲಿ ನನ್ನ ವಿನಂತಿ ಇಷ್ಟೇ. ಆದಷ್ಟು ಮಟ್ಟಿಗೆ ಸಣ್ಣ ವಯಸ್ಸಿನವರನ್ನು ಒಂದೇ ಶಿಫ್ಟಿಗೆ ಹಾಕಿ. ಇದಕ್ಕೆ ಹೊಸ ಯೋಜನೆ, ದುಡ್ಡು ಏನೂ ಬೇಡ.

ಗೆಳೆಯರಿಗೂ ಒಂದು ಮಾತು. ಇದು ಅಂಟುವ ಕಾಯಿಲೆ ಅಲ್ಲ. ಮುಗಿಸಿ ಬಂದ ದಿನ ಬಿಪಿ ಇಳಿದು ಸುಸ್ತಾಗಿ ಮಲಗಿರುತ್ತೇವೆ, ಮರುದಿನ ಬನ್ನಿ. ವಾರ್ಡಿನೊಳಗೆ ಬಿಡದಿದ್ದರೆ ಫೋನ್ ಮಾಡಿ, ಸೂಜಿ ಹಾಕಿದ್ದು ಒಂದು ಕೈಗೆ, ಇನ್ನೊಂದರಲ್ಲಿ ಫೋನ್ ಇರುತ್ತದೆ. ನನ್ನ ಪಾಳಿ ಸೋಮವಾರ, ಗುರುವಾರ, ಬೆಳಿಗ್ಗೆ ಏಳಕ್ಕೆ. ಉಳಿದ ದಿನ ಸಂಜೆ ಹೋಟೆಲಿಗೆ ಕರೆಯಿರಿ, ನೀವು ಚಹಾ ಕುಡಿಯಿರಿ, ನಾನು ಸುಮ್ನೆ ಜೊತೆಗೆ ಕೂರುತ್ತೇನೆ.

— ಓದುಗ, ಜೇವರ್ಗಿ ತಾಲ್ಲೂಕು, ಕಲಬುರಗಿ ಜಿಲ್ಲೆ