ಸೀನನಿಗೆ, ಆ ಮ್ಯೂನಿಕ್ ಓಟದ ಬಗ್ಗೆ

ಪ್ರೀತಿಯ ಸೀನ,

ನಿನ್ನ ಮೆಸೇಜಿಗೆ ಅಲ್ಲೇ ಒಂದು ಸಾಲು ಬರೆದು ಮುಗಿಸಬಹುದಿತ್ತು. ಕೂತರೆ ಉದ್ದವಾಯ್ತು, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ನಮ್ಮ ಗುಂಪಿನವರೂ ಓದಲಿ. ಛತ್ರಿ ಪ್ರಕರಣ ಎತ್ತುವುದಿಲ್ಲ, ಹೆದರಬೇಡ.

ಸುರೇಯ್ಯಾ ಆಯ್ಹಾನ್ ಓಟ ಈಗಲೂ ನೋಡ್ತೀಯಾ ಅಂತ ಕೇಳಿದೆಯಲ್ಲ. ನೋಡುತ್ತೇನೆ. ಮೊನ್ನೆ ರಾತ್ರಿಯೂ ನೋಡಿದೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಅವಳು ಟರ್ಕಿಯ ಚಾಂಕಿರಿ ಪ್ರಾಂತ್ಯದ ಕೊರ್ಗುನ್ ಎಂಬ ಸಣ್ಣ ಊರಿನವಳು. 1978ರಲ್ಲಿ ಹುಟ್ಟಿದವಳು. 1500 ಮೀಟರ್ ಅವಳ ಓಟ. 2001ರ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಎಂಟನೆಯವಳಾಗಿ ಬಂದಳು. ಅವತ್ತು ಗೆದ್ದದ್ದು ರೊಮೇನಿಯಾದ ಗ್ಯಾಬ್ರಿಯೆಲಾ ಸಾಬೊ. ಮರುವರ್ಷ ಮ್ಯೂನಿಕ್‌ನ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಇಬ್ಬರೂ ಮತ್ತೆ ಎದುರಾದರು.

1500 ಮೀಟರ್‌ನಲ್ಲಿ ಜಾಣರು ಮೊದಲಿಂದ ಮುಂದೆ ಓಡುವುದಿಲ್ಲ. ಮುಂದಿರುವವಳು ಗಾಳಿಯನ್ನು ಸೀಳಬೇಕು, ವೇಗವನ್ನೂ ತಾನೇ ಕಟ್ಟಬೇಕು. ಉಳಿದವರು ಅವಳ ಬೆನ್ನ ಹಿಂದೆ ಶಕ್ತಿ ಉಳಿಸಿಕೊಂಡು ಕೊನೇ ಸುತ್ತಿನಲ್ಲಿ ನುಗ್ಗುತ್ತಾರೆ. ಸುರೇಯ್ಯಾ ಇದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಮೊದಲಿಂದಲೂ ಅವಳೇ ಮುಂದೆ. ಕೊನೇ ನೂರು ಮೀಟರ್‌ನಲ್ಲಿ ಸಾಬೊ ಮೈಮೇಲೆ ಬಂದಂತೆ ಬಂದಳು. ಆದರೂ ಇವಳು ಬಿಟ್ಟುಕೊಡಲಿಲ್ಲ. 3 ನಿಮಿಷ 58.79 ಸೆಕೆಂಡ್. ಸಾಬೊಗೆ 58.81. ದೂರದಲ್ಲಿ ಅಳೆದರೆ ಒಂದು ಗೇಣೂ ಇಲ್ಲ!

2003ರಲ್ಲಿ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ಹಾಗೇ ಓಡಿದಳು. ಅಲ್ಲಿ ರಷ್ಯಾದ ತಾತಿಯಾನಾ ತೊಮಾಶೋವಾ ಕೊನೆಗೆ ದಾಟಿಬಿಟ್ಟಳು, ಬೆಳ್ಳಿ ಬಂತು. ಅದೇ ವರ್ಷ 3:55.33ರಲ್ಲಿ ಓಡಿ ತೋರಿಸಿದಳು.

ಆಮೇಲಿನದು ನಿನಗೂ ಗೊತ್ತು. 2004ರಲ್ಲಿ ಡೋಪಿಂಗ್, ಅಂದರೆ ಉದ್ದೀಪನ ಮದ್ದಿನ ಪರೀಕ್ಷೆಯ ನಿಯಮ ಮುರಿದಳೆಂಬ ಆರೋಪ ಬಂತು. ಅಥೆನ್ಸ್ ಒಲಿಂಪಿಕ್ಸ್ ತಪ್ಪಿತು, ಎರಡು ವರ್ಷ ನಿಷೇಧವೂ ಆಯ್ತು. 2007ರಲ್ಲಿ ಅವಳ ಪರೀಕ್ಷೆಯಲ್ಲಿ ಸ್ಟ್ಯಾನೊಜೊಲೋಲ್, ಮೆಥಾಂಡಿಯೆನೋನ್ ಎಂಬ ಎರಡು ನಿಷೇಧಿತ ಸ್ಟೀರಾಯ್ಡ್ ಸಿಕ್ಕವು. ಕೊನೆಗೆ ಆಜೀವ ನಿಷೇಧ. ಇಂಥ ಸ್ಟೀರಾಯ್ಡ್ ತಿಂದ ಮಾತ್ರಕ್ಕೆ ಯಾರೂ ಓಡಿಬಿಡುವುದಿಲ್ಲ. ಅದನ್ನು ತಿಂದರೆ ಇವತ್ತು ದಣಿದ ಮೈ ನಾಳೆಗೇ ಮತ್ತೆ ತಯಾರಾಗುತ್ತದೆ, ಅದಕ್ಕೇ ಅಭ್ಯಾಸದಲ್ಲಿ ಜಾಸ್ತಿ ಕಷ್ಟಪಡಬಹುದು. ಅಂದರೆ ಕಷ್ಟವೂ ನಿಜ, ಮೋಸವೂ ನಿಜ.

ನನ್ನನ್ನು ಕಾಡುವುದು ಬೇರೆಯೇ. ಮ್ಯೂನಿಕ್ ಚಿನ್ನ ಇಂದಿಗೂ ಅವಳ ಹೆಸರಲ್ಲೇ ಇದೆ. ಆ ಓಟದಲ್ಲಿ ತಪ್ಪು ನಡೆದಿದೆ ಅಂತ ಯಾರೂ ಸಾಬೀತು ಮಾಡಿಲ್ಲ. ಅವತ್ತು ಮೂರನೆಯವಳಾಗಿ ಬಂದ ತೊಮಾಶೋವಾ ಕೂಡ ಮುಂದೆ ಡೋಪಿಂಗ್ ಪ್ರಕರಣಗಳಲ್ಲಿ ನಿಷೇಧಕ್ಕೆ ಒಳಗಾದಳು. ಹಾಗಾದರೆ ಆ ಕೊನೇ ನೂರು ಮೀಟರ್‌ನಲ್ಲಿ ನಾನು ಕಂಡ ಧೈರ್ಯವನ್ನು ಏನು ಮಾಡಲಿ? ನಂಬಲಾಗುತ್ತಿಲ್ಲ, ಬಿಡಲೂ ಆಗುತ್ತಿಲ್ಲ.

ಕಳೆದ ತಿಂಗಳು ತಮ್ಮನ ಮಗಳು ತಾಲ್ಲೂಕು ಮಟ್ಟದ 800 ಮೀಟರ್ ಗೆದ್ದಳು. ನಾನು ಚಪ್ಪಾಳೆ ಹೊಡೆಯುತ್ತಲೇ ಅವಳ ಬ್ಯಾಗಿನಿಂದ ಇಣುಕುತ್ತಿದ್ದ ಪುಡಿಯ ಡಬ್ಬಿ ನೋಡುತ್ತಿದ್ದೆ. ಯಾರು ಕೊಟ್ಟರು, ಏನು ಬರೆದಿದೆ, ಅದೇ ಯೋಚನೆ. ನಮ್ಮ ಓಟಗಾರ್ತಿ ಅಶ್ವಿನಿ ಅಕ್ಕುಂಜೆ ನೆನಪಾದಳು. 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ, ಮರುವರ್ಷ ಸ್ಟೀರಾಯ್ಡ್ ಪ್ರಕರಣ. ಕೋಚ್ ಕೊಟ್ಟ ಜಿನ್ಸೆಂಗ್ ಎಂಬ ಬೇರಿನ ಔಷಧಿಯಿಂದ ಬಂದಿದ್ದು, ತನಗೆ ಗೊತ್ತಿರಲಿಲ್ಲ ಅಂದಳು. ಆದರೂ ನಿಷೇಧದಲ್ಲಿ ಎರಡು ವರ್ಷ ಹೋಯ್ತು. ಹದಿನಾಲ್ಕರ ಹುಡುಗಿಗೆ ಡಬ್ಬಿ ಮೇಲಿನ ಅಕ್ಷರ ಓದೋಕೆ ಕಲಿಸುವವರು ಯಾರು?

ಓಟದ ಮಾತಷ್ಟೇ ಅಲ್ಲ ಸೀನ. ಕುಡಿಯೋದು ಬಿಟ್ಟಿದ್ದೀನಿ ಅಂತ ತಮ್ಮ ಹೇಳಿದಾಗ ನಾನು ಮೊದಲು ನೋಡಿದ್ದು ಅವನ ಕಣ್ಣಿನ ಕೆಂಪು. ಅವನು ನಿಜವಾಗಿಯೂ ಬಿಟ್ಟಿದ್ದಾನೆ. ಆದರೂ ಒಳ್ಳೆ ಸುದ್ದಿ ಬಂದರೆ ಎದೆ ತುಂಬುವ ಮೊದಲೇ ಅನುಮಾನ ಬಂದು ಕೂರುತ್ತದೆ. ಇದು ಯಾವಾಗ ಶುರುವಾಯ್ತೋ ಗೊತ್ತಿಲ್ಲ. ನನಗೆ ಭಯವಾಗುತ್ತದೆ.

ಸರಿ, ಇಷ್ಟು ಸಾಕು. ಇದನ್ನೆಲ್ಲ ಇಲ್ಲಿ ಬರೆಯುವ ಯೋಚನೆ ಇರಲಿಲ್ಲ.

ಮುಂದಿನ ವಾರ ಹುಡುಗಿಗೆ ಜಿಲ್ಲಾ ಮಟ್ಟದ ಓಟ ಇದೆ. ಡಬ್ಬಿ ವಿಚಾರ ಅವಳ ಹತ್ತಿರ ಮಾತಾಡಿದ್ದೇನೆ, ಈಗ ಮನೆಯ ರಾಗಿ ಅಂಬಲಿ ಕುಡಿಯುತ್ತಿದ್ದಾಳೆ. ನೀನೂ ಬಾ. ಚಕ್ಕುಲಿ ನಾನು ತರುತ್ತೇನೆ, ಕಿರುಚೋದು ನಿನ್ನ ಕೆಲಸ. ಮಳೆ ಬಂದರೆ ನೆನೆಯೋಣ, ಛತ್ರಿ ಮಾತ್ರ ತರಬೇಡ ಮಾರಾಯ!