ಆನೆಗೊಂದಿಗೆ ಒಂದು ಡಬ್ಬಿ ಕ್ಯಾಮೆರಾ

ಎಡಿನ್‌ಬರೋ, ಡಿಸೆಂಬರ್ 1

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾನಿಲ್ಲಿ ಆರಾಮಾಗಿದ್ದೇನೆ. ಅವ್ವನ ಮೊಣಕಾಲು ನೋವು ಈಗ ಹೇಗಿದೆ? ಭತ್ತದ ಕೊಯ್ಲು ಮುಗಿಯಿತೇ?

ಫೋನಿನಲ್ಲಿ ಸಾವಕಾಶವಾಗಿ ಹೇಳಲಾಗದ ಒಂದು ಸಂಗತಿ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಶನಿವಾರ ಇಲ್ಲಿ ಒಂದಷ್ಟು ಜನ ಸೇರುತ್ತೇವೆ. ನಿವೃತ್ತ ಬಸ್ ಡ್ರೈವರ್ ಒಬ್ಬರು, ಆಸ್ಪತ್ರೆಯ ನರ್ಸ್ ಒಬ್ಬರು, ಕಾಲೇಜು ಹುಡುಗರು. ಎಲ್ಲರ ಕೈಯಲ್ಲೂ ಒಂದೊಂದು ತಗಡಿನ ಡಬ್ಬಿ. ಅದರ ಪಕ್ಕಕ್ಕೆ ಸೂಜಿಮೊನೆಯಷ್ಟು ತೂತು, ಒಳಗೆ ಫೋಟೊ ಕಾಗದ, ಅಷ್ಟೇ. ಮಸೂರ ಇಲ್ಲ, ಬ್ಯಾಟರಿ ಇಲ್ಲ. ಇದೇ ಪಿನ್‌ಹೋಲ್ ಕ್ಯಾಮೆರಾ. ಈ ಸ್ಕಾಟ್ಲೆಂಡ್ ನಾಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್ 1850ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದರಂತೆ.

ನಿಮಗೆ ಇದು ಹೊಸದಲ್ಲ ಅಪ್ಪ. ಹೊಳೆ ದಾಟಿ ಹಂಪಿಗೆ ಹೋದಾಗ, ವಿರೂಪಾಕ್ಷನ ಗುಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಗೋಪುರ ತಲೆಕೆಳಗಾಗಿ ಗೋಡೆಯ ಮೇಲೆ ಬಿದ್ದಿರುವುದನ್ನು ನನಗೆ ತೋರಿಸಿದವರೇ ನೀವು. ಬೆಳಕು ನೆಟ್ಟಗೆ ಹೋಗುತ್ತದೆ. ಕಳಶದಿಂದ ಹೊರಟದ್ದು ಕಿಂಡಿಯಲ್ಲಿ ಹಾಯ್ದು ಗೋಡೆಯ ಕೆಳಗೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲೆ. ನಮ್ಮ ಡಬ್ಬಿಯೊಳಗೆ ಆಗುವುದೂ ಅದೇ. ಒಂಬತ್ತು ಅಂತಸ್ತಿನ ಗೋಪುರಕ್ಕೆ ಗುಡಿಯೇ ಕ್ಯಾಮೆರಾ ಆಗಿದೆ ಎಂದು ಇಲ್ಲಿ ಹೇಳಿದೆ. ಆ ಡ್ರೈವರ್ ಕೈಲಿದ್ದ ಡಬ್ಬಿ ಕೆಳಗಿಟ್ಟು, ಮತ್ತೊಮ್ಮೆ ಹೇಳಮ್ಮಾ ಎಂದರು.

ಒಳ್ಳೆಯ ಬಿಸಿಲಿದ್ದರೆ ಒಂದೆರಡು ನಿಮಿಷ ತೂತು ತೆರೆದಿಡುತ್ತೇವೆ. ಅಷ್ಟರಲ್ಲಿ ಎದುರಿಗೆ ನಡೆದು ಹೋದವರು ಚಿತ್ರದಲ್ಲಿ ಮೂಡುವುದೇ ಇಲ್ಲ, ನಿಂತವರು ಮಾತ್ರ ಉಳಿಯುತ್ತಾರೆ. ಆಮೇಲೆ ಕೆಂಪು ದೀಪದ ಕೋಣೆಯಲ್ಲಿ, ಟ್ರೇಯಲ್ಲಿನ ರಾಸಾಯನಿಕದಲ್ಲಿ ಕಾಗದ ತೊಳೆಯುವುದು. ಯಾರದೇ ಚಿತ್ರ ಮೂಡುತ್ತಿರಲಿ, ಎಲ್ಲರೂ ಆ ಟ್ರೇ ಮೇಲೆ ಬಾಗಿರುತ್ತಾರೆ. ಈ ಊರಿನಲ್ಲಿ ನನ್ನವರು ಅನ್ನುವಂಥ ಮಂದಿ ಸಿಕ್ಕಿದ್ದು ಅಲ್ಲೇ. ನೀವೂ ಆ ಗುಂಪಿನಲ್ಲಿ ಇರಬೇಕು ಅನ್ನಿಸುತ್ತದೆ. ಅದಕ್ಕೇ ಈ ಪಾರ್ಸೆಲ್.

ಅದರಲ್ಲಿರುವ ಡಬ್ಬಿಯೊಳಗೆ ಕಾಗದ ಹಾಕಿ ಭದ್ರವಾಗಿ ಮುಚ್ಚಿದ್ದೇನೆ, ತೂತಿನ ಮೇಲೆ ಕಪ್ಪು ಟೇಪು ಇದೆ. ಡಿಸೆಂಬರ್ 22ರಂದು ಡಬ್ಬಿಯನ್ನು ಅಲುಗಾಡದಂತೆ ತಂತಿಯಿಂದ ಬಿಗಿದು, ಟೇಪು ಕಿತ್ತುಬಿಡಿ. ಜೂನ್ 21ರವರೆಗೆ ಅದನ್ನು ಮುಟ್ಟಬೇಡಿ. ದಿನದಿನವೂ ಸೂರ್ಯ ಹೋದ ದಾರಿ ಒಂದೊಂದು ಗೆರೆಯಾಗಿ ಬೀಳುತ್ತದೆ. ಮೋಡ ಕವಿದ ದಿನ ಗೆರೆ ಇರುವುದಿಲ್ಲ. ಈ ಕಾಗದವನ್ನು ತೊಳೆಯಬೇಕಾಗಿಲ್ಲ, ಬಿಸಿಲಿಗೇ ಬಣ್ಣ ತಿರುಗುತ್ತದೆ. ಇದೇ ಊರಿನಲ್ಲಿ ನಾನೂ ಅದೇ ದಿನ ಒಂದು ಡಬ್ಬಿ ಕಟ್ಟುತ್ತೇನೆ.

ನನ್ನದು ದಕ್ಷಿಣಕ್ಕೆ ಮುಖ ಮಾಡಿರುತ್ತದೆ. ಇಲ್ಲಿ ಡಿಸೆಂಬರ್ 22ರ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 11 ಡಿಗ್ರಿಯಷ್ಟೂ ಮೇಲೇರುವುದಿಲ್ಲ, ನಾಲ್ಕು ಗಂಟೆಯೊಳಗೆ ಕತ್ತಲು. ಜೂನಿನಲ್ಲಿ 57 ಡಿಗ್ರಿ ದಾಟುತ್ತಾನೆ. ನಿಮ್ಮದು ಪೂರ್ವಕ್ಕಿರಲಿ. ನಮ್ಮಲ್ಲಿ ಮೇ ತಿಂಗಳು ಹಿಡಿಯುತ್ತಲೇ ಸೂರ್ಯ ನೆತ್ತಿಗೆ ಬಂದು, ಆಮೇಲೆ ಉತ್ತರಕ್ಕೆ ಸರಿಯುತ್ತಾನೆ. ದಕ್ಷಿಣಕ್ಕಿಟ್ಟರೆ ಡಬ್ಬಿಗೆ ಸಿಗುವುದಿಲ್ಲ. ಪೂರ್ವಕ್ಕಿಟ್ಟರೆ ಅವನು ಬಂಡೆಗುಡ್ಡದ ಹಿಂದಿನಿಂದ ಹೆಚ್ಚುಕಡಿಮೆ ನೆಟ್ಟಗೆ ಏರುವ ಗೆರೆಗಳು ಒತ್ತೊತ್ತಾಗಿ ಬರುತ್ತವೆ. ನನ್ನ ಕಾಗದದಲ್ಲಿ ಬಾಗಿದ ಕಮಾನುಗಳು, ನಿಮ್ಮದರಲ್ಲಿ ನಿಂತ ಗೆರೆಗಳು. ಎರಡನ್ನೂ ಒಟ್ಟಿಗಿಟ್ಟು ನೋಡುವ ಆಸೆ ನನಗೆ ಎಷ್ಟಿದೆಯೋ ಹೇಳಲಾರೆ.

ಮಾಳಿಗೆಯ ಮೇಲೆ ಮಾತ್ರ ಬೇಡ, ಮಂಗಗಳು ಒಂದು ದಿನವೂ ಬಿಡಲಿಕ್ಕಿಲ್ಲ. ಅಡುಗೆಮನೆಯ ಪೂರ್ವದ ಕಿಟಕಿಯ ಸರಳುಗಳ ಒಳಗೇ ಕಟ್ಟಿ. ಅಲ್ಲಾದರೆ ಮುಂಗಾರಿನ ಇರಚಲೂ ತಾಗುವುದಿಲ್ಲ. ಅವ್ವ, ಆ ಕಿಟಕಿಯ ಬಾಗಿಲು ಅಷ್ಟು ದಿನ ಮುಚ್ಚಬೇಡ.

ತಮ್ಮ ತಾನೇ ಒಂದು ಡಬ್ಬಿ ಕ್ಯಾಮೆರಾ ಮಾಡಿಕೊಳ್ಳಲಿ ಎಂದು ಕಪ್ಪು ಲಕೋಟೆಯಲ್ಲಿ ಬೇರೆ ಕಾಗದ ಇಟ್ಟಿದ್ದೇನೆ. ಅದನ್ನು ರಾತ್ರಿ ದೀಪ ಆರಿಸಿಯೇ ಬಿಚ್ಚಬೇಕು. ಹೊಳಪಿನ ಬದಿ ತೂತಿನ ಕಡೆಗಿರಲಿ. ತಂಪುಪಾನೀಯದ ಡಬ್ಬಿಯ ಅಡ್ಡಗಲ ಸುಮಾರು 6.5 ಸೆಂ.ಮೀ. ಅದಕ್ಕೆ 0.35 ಮಿ.ಮೀ. ತೂತು ಸರಿಹೋಗುತ್ತದೆ. ಸೂಜಿಯ ತುದಿಯಷ್ಟೇ ಇಳಿಯಲಿ. ತೂತು ದೊಡ್ಡದಾದರೆ ಚಿತ್ರ ಮಸುಕು, ತೀರ ಸಣ್ಣದಾದರೂ ಬೆಳಕು ಚದುರಿ ಮಸುಕೇ. ಏಪ್ರಿಲಿನ ಕೊನೆಯ ಭಾನುವಾರ ಜಗತ್ತಿನಾದ್ಯಂತ ಪಿನ್‌ಹೋಲ್ ದಿನ, 2001ರಿಂದ ನಡೆದು ಬಂದಿದೆ. ಅಂದು ಅವನು ತೆಗೆದ ಚಿತ್ರ ನನಗೆ ಬೇಕು.

ಜೂನಿನಲ್ಲಿ ಕಾಗದ ಹೊರತೆಗೆದ ಕೂಡಲೇ ಗಂಗಾವತಿಯಲ್ಲಿ ಒಂದೇ ಸಲ ಸ್ಕ್ಯಾನ್ ಮಾಡಿಸಿ, ಮತ್ತೆ ಕಪ್ಪು ಲಕೋಟೆಗೆ ಹಾಕಿಡಿ. ಬೆಳಕಿಗಿಟ್ಟರೆ ಕಪ್ಪಾಗುತ್ತಲೇ ಹೋಗುತ್ತದೆ.

ಪಾರ್ಸೆಲ್ ಮುಟ್ಟಿದ ಕೂಡಲೇ ಫೋನ್ ಮಾಡಿ. ಕಟ್ಟುವಾಗ ನಾನೂ ವಿಡಿಯೊದಲ್ಲಿ ಇರುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು